ಸುಮತಿಯ ಹೆಸರು ಹೊರಬಿದ್ದ ದಿನ

ಕೋವಿಡ್ ಹಾವಳಿ ಮುಗಿದ ಮರುವರ್ಷ. ಒಮಾನಿನ ಬರ್ಕಾದಲ್ಲಿ ಮೀನು ಪ್ಯಾಕ್ ಮಾಡುವ ಖಾಸಗಿ ಕಾರ್ಖಾನೆಯೊಂದರಲ್ಲಿ ನಾನು ಪರ್ಸನೆಲ್ ಆಫೀಸರ್ ಆಗಿದ್ದೆ. ವೀಸಾ, ರಜೆ, ದೂರು ಎಲ್ಲವೂ ನನ್ನ ಮೇಜು ದಾಟಿಯೇ ಹೋಗಬೇಕಿತ್ತು. ಉಡುಪಿ ಬಿಟ್ಟು ಹದಿನಾಲ್ಕು ವರ್ಷವಾಗಿತ್ತು.

ನಮ್ಮ ಜನರಲ್ ಮ್ಯಾನೇಜರ್ ರಘುನಂದನ್ ಮೈಸೂರಿನವರು, ತತ್ತ್ವಶಾಸ್ತ್ರದ ಎಂ.ಎ. ಊಟದ ಬಿಡುವಿನಲ್ಲಿ ಅವರು ಕಳೆದ ಶತಮಾನದ ಸ್ಪೇನಿನ ಒಬ್ಬ ಉದಾರವಾದಿ ಚಿಂತಕನ ವಿಚಾರ ತೆಗೆದರೆ ನಾನು ಚಹಾ ಮರೆತು ಕೇಳುತ್ತಿದ್ದೆ. ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಒಂದು ಪ್ರಶ್ನೆ. ಅದು ಎಲ್ಲಿಗೆ ಬಂದು ನಿಲ್ಲಬೇಕು ಎಂಬುದು ಬೇರೆಯೇ ಪ್ರಶ್ನೆ. ಬಲವುಳ್ಳವನು ತಾನಾಗಿ ಹಿಂದೆ ಸರಿದು, ತನ್ನನ್ನು ಒಪ್ಪದವನಿಗೂ ಜಾಗ ಬಿಟ್ಟರೆ ಮಾತ್ರ ನಾಗರಿಕ ಸ್ವಾತಂತ್ರ್ಯ ಉಳಿಯುತ್ತದೆ. ಅವರು ವಿವರಿಸುತ್ತಿದ್ದುದು ಹೀಗೆ.

ಆ ಮಾತುಗಳ ಧೈರ್ಯದಲ್ಲೇ ನಾನು ಗೋಪ್ಯ ದೂರಿನ ವ್ಯವಸ್ಥೆಯೊಂದನ್ನು ಸೂಚಿಸಿದೆ. ಬರೆದವರ ಹೆಸರು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ತಿಳಿಯಬಾರದು. ಅವರು ಅಂದೇ ಸಹಿ ಹಾಕಿದರು. ನಾನು ಮಹಿಳೆಯರ ಹಾಸ್ಟೆಲ್ಲಿಗೆ ಹೋಗಿ, "ಹೆದರಬೇಡಿ, ಹೆಸರು ಹೊರಗೆ ಹೋಗುವುದಿಲ್ಲ" ಎಂದು ಮಾತು ಕೊಟ್ಟು ಬಂದೆ.

ಎರಡು ವಾರದಲ್ಲಿ ಬಂದದ್ದು ಒಂದೇ ಪತ್ರ. ಬರೆದವಳು ಪ್ಯಾಕಿಂಗ್ ವಿಭಾಗದ ಸುಮತಿ, ಕುಂದಾಪುರದವಳು. ಎಲ್ಲರ ಪಾಸ್‌ಪೋರ್ಟ್ ಕಂಪನಿಯ ಬಳಿಯಿದೆ. ರಜೆಯ ಶುಕ್ರವಾರವೂ ಹಾಸ್ಟೆಲ್ ಗೇಟಿಗೆ ಬೀಗ ಹಾಕುತ್ತಾರೆ. ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮ ನನಗೆ ಗೊತ್ತಿತ್ತು. ನಡೆದುಬಂದ ಪದ್ಧತಿಯೆಂದು ಇಷ್ಟು ವರ್ಷ ಸುಮ್ಮನಿದ್ದೆ. ಬೀಗದ ವಿಷಯ ಮಾತ್ರ ಅಂದೇ ತಿಳಿದದ್ದು. ಪತ್ರವನ್ನು ರಘುನಂದನ್ ಕೈಗೆ ಕೊಟ್ಟೆ.

ಮೂರನೆಯ ದಿನ ಬೆಳಿಗ್ಗೆ ಸೂಪರ್‌ವೈಸರ್ ಎಲ್ಲರೆದುರು ಸುಮತಿಯ ಹೆಸರು ಕೂಗಿ, ಸಲಾಲಾದ ಗೋದಾಮಿಗೆ ವರ್ಗವಾಗಿದೆ ಎಂದ. ಬರ್ಕಾದಿಂದ ಅದು ದೇಶದ ಇನ್ನೊಂದು ತುದಿ.

ನಾನು ನೇರ ರಘುನಂದನ್ ಕೋಣೆಗೆ ನುಗ್ಗಿದೆ.

"ಕಫೀಲ್ ಕೇಳಿದ್ರು, ಹೇಳ್ದೆ" ಎಂದರು. ಕಫೀಲ್ ಎಂದರೆ ನಮ್ಮೆಲ್ಲರ ವೀಸಾಕ್ಕೆ ಹೊಣೆಯಾದ ಮಾಲೀಕ.

"ಸರ್, ಮಾತು ಕೊಟ್ಟು ಸಹಿ ಹಾಕಿದ್ದು ನೀವಲ್ವಾ? ಇಷ್ಟು ದಿನ ಊಟದ ಹೊತ್ತಿಗೆ ಹೇಳಿದ್ದೆಲ್ಲ ಎಂತ ಹಾಗಾದ್ರೆ?"

"ಅದು ಚರ್ಚೆಗೆ ಚೆನ್ನಾಗಿರುತ್ತೆ ಐರಿನ್. ಅದನ್ನಿಟ್ಕೊಂಡು ಕಂಪನಿ ನಡೆಸೋಕಾಗಲ್ಲ."

ಹಾಸ್ಟೆಲ್ಲಿನಲ್ಲಿ ಸುಮತಿ ಬಟ್ಟೆ ಮಡಚುತ್ತಿದ್ದಳು. ಹೆಸರು ಹೇಳಿದ್ದು ನಾನಲ್ಲ, ಮ್ಯಾನೇಜರ್ ಎಂದೆ.

"ಮೇಡಂ, ನಾನು ಅವರನ್ನು ನಂಬಿದ್ದೇ ಇಲ್ಲ. ನಿಮ್ಮನ್ನು ನಂಬಿ ಬರೆದದ್ದು" ಎಂದಳು.

ಮಧ್ಯಾಹ್ನವೇ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ರುಸ್ತಾಕಿನ ಕಾರ್ಮಿಕ ಕಚೇರಿಗೆ ಹೋಗಿ, ದೂರಿಗೆ ಸಾಕ್ಷಿಯಾಗಿ ನನ್ನ ಹೆಸರನ್ನೂ ಬರೆಸಿದೆ. ಒಮಾನಿ ಅಧಿಕಾರಿ ತಾಳ್ಮೆಯಿಂದ ಕೇಳಿ, ನಮ್ಮೆದುರೇ ಕಂಪನಿಗೆ ಫೋನ್ ಮಾಡಿದರು. ಆ ವಾರದಲ್ಲೇ ಎಲ್ಲರ ಪಾಸ್‌ಪೋರ್ಟ್ ಕೈಸೇರಿತು, ಗೇಟಿನ ಬೀಗ ಹೋಯಿತು. ಸುಮತಿ ಮಾತ್ರ ಅಲ್ಲಿ ಉಳಿಯಲಿಲ್ಲ, ಕೆಲಸ ಬಿಟ್ಟು ಊರಿಗೆ ಹೊರಟಳು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟೆ. ನನ್ನ ಪಕ್ಕದ ಸೀಟು ಬಿಟ್ಟು ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು.

ನಾನೂ ರಾಜೀನಾಮೆ ಕೊಟ್ಟೆ. ಆಮೇಲೆ ಆ ಸ್ಪ್ಯಾನಿಷ್ ಚಿಂತಕನನ್ನು ನಾನೇ ಓದಿ ನೋಡಿದೆ. ರಘುನಂದನ್ ಒಂದಕ್ಷರವನ್ನೂ ತಪ್ಪಾಗಿ ವಿವರಿಸಿರಲಿಲ್ಲ. ಇವತ್ತಿಗೂ ನನ್ನನ್ನು ಹೆಚ್ಚು ನೋಯಿಸುವುದು ಅದೇ. ಆಮೇಲೆ ಕೆಲಸ ಮಾಡಿದ ಕಡೆಯೆಲ್ಲ, ಯಾರೇ ದೂರು ತಂದರೂ ಪತ್ರ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: "ಇದನ್ನು ಯಾರು ಓದಬಾರದು, ಹೇಳಿ."