ಜಟ್ಟೆಮ್ಮನವರ ಮಾರಿಸ್ ಕಾರಿನ ಎಣ್ಣೆ

ಶಿವಾಜಿನಗರದ ಮೆಕ್ಯಾನಿಕ್ ಅಕ್ತರ್ ಭಾಯ್ ಹಳೆಯ ಕಾರು ನೋಡಲು ಹೋದರೆ ಮೊದಲು ಕೀ ಕೇಳುವುದಿಲ್ಲ, ಹಳೇ ಬಟ್ಟೆಯ ತುಂಡು ಕೇಳುತ್ತಾರೆ. ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಅದರಲ್ಲಿ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು, ಮೂಸಿ ನೋಡಿದ ಮೇಲೆಯೇ ಮಾತು. ಈ ನಿಧಾನಕ್ಕೆ ಎಷ್ಟೋ ಗಿರಾಕಿಗಳು ರೇಗಿದ್ದಾರೆ. ಅಕ್ತರ್ ಭಾಯ್ ನಕ್ಕು ಕಡ್ಡಿಯನ್ನು ಇನ್ನೊಮ್ಮೆ ಅದ್ದುತ್ತಾರೆ.

ಹಲಸೂರಿನ ಜಟ್ಟೆಮ್ಮನವರ ಮನೆಗೆ ಅವರು ಬಂದದ್ದು ಮದುವೆಯ ವಾರ. ಮೊಮ್ಮಗ ಆನಂದನ ಹೆಂಡತಿಯಾಗಿ ಬರುವ ಭವ್ಯ, ತೀರಿಹೋದ ತಮ್ಮ ಯಜಮಾನರಾದ ಬೈಲಪ್ಪನವರ ಮಾರಿಸ್ ಕಾರಿನಲ್ಲೇ ಮನೆಗೆ ಬರಬೇಕು ಎಂಬುದು ಅಜ್ಜಿಯ ಆಸೆ. ಬೈಲಪ್ಪನವರು ಹೋದ ಮೇಲೆ ಆ ಕಾರು ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ.

ಅಕ್ತರ್ ಭಾಯ್ ಕಡ್ಡಿ ಎಳೆದರು. ಎಣ್ಣೆ ಕಡಿಮೆ ಇರಬಹುದೆಂದುಕೊಂಡಿದ್ದರು, ಆದರೆ ಅದು ಗುರುತಿಗಿಂತ ಮೇಲಕ್ಕೇ ಇತ್ತು. ಎಣ್ಣೆ ಹಾಕುವ ಬಾಯಿಯ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದು ಅಂಟಿಕೊಂಡಿತ್ತು.

"ಮುಗೀತು ಭಾಯ್," ಎಂದ ಆನಂದ್. "ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಎಣ್ಣೆಗೆ ಸೇರಿದೆ. ಎಂಜಿನ್ ಬಿಚ್ಬೇಕು. ಭಾನುವಾರಕ್ಕೆ ಆಗೋ ಮಾತಲ್ಲ."

ಅಜ್ಜಿಯ ಮುಖ ಸಪ್ಪಗಾಯಿತು.

"ನೀನು ಮದುಮಗ, ಹೋಗಿ ಅರಿಶಿನ ಹಚ್ಚಿಸ್ಕೋ," ಎಂದು ಆನಂದನನ್ನು ಸರಿಸಿ ಅಕ್ತರ್ ಭಾಯ್ ಹೇಳಿದರು, "ಅಮ್ಮಾ, ಒಂದು ಹಳೇ ತವಾ ಕಾಯಿಸಿ ಕೊಡಿ."

"ಕಾರಿಗೆ ದೋಸೆ ಹುಯ್ತೀಯೇನಪ್ಪಾ?"

ಕಾದ ತವಾದ ಮೇಲೆ ಒಂದು ಹನಿ ಎಣ್ಣೆ ಬಿಟ್ಟರು. ಚಟಚಟ ಸಿಡಿಯಿತು. ಎಣ್ಣೆಯಲ್ಲಿ ನೀರಿರುವುದು ನಿಜ. ಆದರೆ ರೇಡಿಯೇಟರ್ ಮುಚ್ಚಳ ತೆಗೆದರೆ ನೀರು ತುಂಬಿತ್ತು, ಮೇಲೆ ಎಣ್ಣೆಯ ಪಸೆಯೇ ಇರಲಿಲ್ಲ. ಹಾಗಾದರೆ ಎಣ್ಣೆಗೆ ಸೇರಿದ್ದು ಈ ನೀರಲ್ಲ.

"ಈ ಕಾರನ್ನ ಯಾರಾದ್ರೂ ಸ್ಟಾರ್ಟ್ ಮಾಡ್ತಿದ್ರಾ ಅಮ್ಮಾ?"

"ಆಯುಧಪೂಜೆಗೆ ಪಕ್ಕದ್ಮನೆ ಡ್ರೈವರ್ ಕೈಲಿ ಹ್ಯಾಂಡಲ್ ಹೊಡೆಸ್ತಿದ್ದೆ. ಮಂಗಳಾರತಿ ಆಗೋವರೆಗೆ."

"ಎಣ್ಣೆ?"

"ದೀಪಕ್ಕೆ ಹಾಕ್ದಂಗೆ ವರ್ಷಾವರ್ಷ ಇದಕ್ಕೂ ಒಂದು ಡಬ್ಬಿ. ಬರೀ ಹೊಟ್ಟೇಲಿ ಪೂಜೆ ಮಾಡ್ಸೋಕಾಗುತ್ತಾ?"

"ಹಳೇದನ್ನ ತೆಗೆಸ್ತಿದ್ರಾ?"

"ಆರದೇ ಇರೋ ದೀಪದ ಎಣ್ಣೆ ಯಾರಾದ್ರೂ ಚೆಲ್ತಾರೇನಪ್ಪಾ?"

ಅಕ್ತರ್ ಭಾಯ್‌ಗೆ ನಗು ತಡೆಯಲಾಗಲಿಲ್ಲ. "ಅಷ್ಟು ಹೊತ್ತಿಗೆ ಎಂಜಿನ್ ಬಿಸಿನೇ ಆಗಲ್ಲ ಅಮ್ಮಾ. ಒಳಗೆ ಬೆವರಿದ ನೀರು ಅಲ್ಲೇ ಉಳ್ಕೊಂಡಿದೆ ಅನ್ಸುತ್ತೆ. ಆದ್ರೆ ಓಡಿಸಿ ನೋಡದೆ ಗ್ಯಾರಂಟಿ ಕೊಡಲ್ಲ."

ಎಂಜಿನ್ನಿನ ಕೆಳಗಿನ ಬೋಲ್ಟ್ ಬಿಚ್ಚಿದಾಗ ಮೊದಲು ನೀರು, ಆಮೇಲೆ ಕಪ್ಪು ಎಣ್ಣೆ ಇಳಿಯಿತು. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಕೊನೆಗೆ ಸ್ಟಾರ್ಟ್ ಮಾಡಿದರು. ಚೆನ್ನಾಗಿ ಬಿಸಿಯಾಗಲೆಂದು ಹಲಸೂರು ಕೆರೆ ಸುತ್ತಿಸಿ ತಂದರು. ಅಜ್ಜಿ ಗೇಟಿನಲ್ಲೇ ನಿಂತಿದ್ದರು. ತಣಿದ ಮೇಲೆ ಕಡ್ಡಿ ಎಳೆದರೆ ಎಣ್ಣೆ ಜೇನಿನಂತೆ ತಿಳಿಯಾಗಿತ್ತು. ರೇಡಿಯೇಟರ್ ನೀರೂ ಇಳಿದಿರಲಿಲ್ಲ.

"ಸೊಸೇನ ಕರ್ಕೊಂಡ್ ಬರೋಣ ಅಮ್ಮಾ," ಎಂದರು.

ಭಾನುವಾರ ಇಂದಿರಾನಗರದ ಛತ್ರದಿಂದ ಮದುಮಕ್ಕಳನ್ನು ಕೂರಿಸಿಕೊಂಡು ಅವರೇ ಕಾರು ಓಡಿಸಿಕೊಂಡು ಬಂದರು. ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದರು. "ಭಾಯ್, ನಡ್ಕೊಂಡು ಹೊರಟವ್ರು ಆಗ್ಲೇ ಊಟ ಮುಗಿಸಿರ್ತಾರೆ," ಎಂದು ಭವ್ಯ ಛೇಡಿಸಿದಳು.

ಗೇಟಿನಲ್ಲಿ ಅಜ್ಜಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅಕ್ತರ್ ಭಾಯ್ ಕೀ ತಿರುಗಿಸಲು ಕೈ ಹಾಕಿದರು.

"ಆಫ್ ಮಾಡ್ಬೇಡಪ್ಪಾ," ಎಂದರು ಜಟ್ಟೆಮ್ಮ. "ಇನ್ನೊಂದು ಸ್ವಲ್ಪ ಹೊತ್ತು ಅವ್ರ ಕಾರಿನ ಸದ್ದು ಕೇಳ್ತೀನಿ."