ಬಾಚಿದ ತಂತಿ

ಮಂಗಳವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಹಾಜರಿದ್ದವರು: ನಾನು, ನನ್ನ ತಂಗಿಯ ಮಗ ಸುರೇಶ, ಮತ್ತು ಅವನು ಓಡಿಸುವ ಹಳದಿ ಶಾಲಾ ವ್ಯಾನು.

ವ್ಯಾನನ್ನು ಹಾಜರಿಯಲ್ಲಿ ಬರೆಯಬಾರದು ಎಂದು ನನ್ನ ಹೆಂಡತಿಯ ವಾದ. ಆದರೆ ಮೂವತ್ತಮೂರು ವರ್ಷ ಬಸ್ ಡಿಪೋದ ಎಲೆಕ್ಟ್ರಿಕ್ ವಿಭಾಗದಲ್ಲಿ ದುಡಿದವನಿಗೆ ರೋಗಿಯ ಹೆಸರಿಲ್ಲದ ಹಾಜರಿ ಹಾಜರಿಯೇ ಅಲ್ಲ. ನಿವೃತ್ತನಾಗಿ ಹನ್ನೊಂದು ವರ್ಷವಾಯಿತು. ಈಗಲೂ ಮನೆಯ ಮಿಕ್ಸರ್ ಬಿಚ್ಚಬೇಕಾದರೆ ಮೊದಲು ವಹಿ ತೆರೆಯುತ್ತೇನೆ. ದಿನ, ವೇಳೆ, ಹಾಜರಿದ್ದವರು, ಆಮೇಲೆ ದೂರು, ಆಮೇಲೆ ದೋಷದ ಕಾರಣ, ಕೊನೆಗೆ ಸಹಿ. ಈ ದೋಷದ ಕಾರಣ ಎಂಬ ಜಾಗದಲ್ಲಿ ನಮ್ಮ ಡಿಪೋದವರು ಬರೆಯುತ್ತಿದ್ದದ್ದು ಮೂರೇ ಮಾತು. ಇಲಿ, ನೀರು, ಡ್ರೈವರ್. ಅಷ್ಟು ವರ್ಷಗಳಲ್ಲಿ ಆ ಜಾಗದಲ್ಲಿ ಎಲೆಕ್ಟ್ರಿಷಿಯನ್ ಎಂದು ಬರೆದದ್ದನ್ನು ನಾನು ನೋಡಲಿಲ್ಲ. ನಾವು ಅಷ್ಟು ಒಳ್ಳೆಯ ಕೆಲಸಗಾರರಿದ್ದೆವು, ಅಥವಾ ವಹಿ ನಮ್ಮ ಕೈಯಲ್ಲಿತ್ತು.

ಮಂಗಳವಾರದ ದೂರನ್ನು ಸುರೇಶ ಅಂಗಳದಲ್ಲಿ ನಿಂತೇ ಹೇಳಿದ. ಅವನಿಗೆ ನಲವತ್ತೆರಡು ವರ್ಷ, ತಲೆಯಲ್ಲಿ ನನಗಿಂತ ಹೆಚ್ಚು ನೆರೆಗೂದಲು. ನನ್ನೆದುರು ಮಾತ್ರ ಇನ್ನೂ ಕೈಕಟ್ಟಿ ನಿಲ್ಲುತ್ತಾನೆ.

“ಮಾಮಾ, ಗಾಡಿ ಬಂದ್ ಇದ್ದಾಗ ಹಿಂದಿನ ಚಿತ್ರ ಛಲೋ ಬರ್ತದ್ರಿ. ಚಾಲೂ ಮಾಡಿದ್ರ ಗೆರಿ ಗೆರಿ ಬಂದು ಪೂರಾ ಕರ್ರಗ ಆಗ್ತದ.”

“ನಿಂತ ಗಾಡಿಗಿ ಹಿಂದಿಂದು ಕಂಡ್ರೇನು, ಬಿಟ್ರೇನು?” ಎಂದು ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಕೇಳಿದಳು.

ಆ ವ್ಯಾನಿನ ಹಿಂದಿನ ಕ್ಯಾಮೆರಾದ ತಂತಿಯನ್ನು ಭಾನುವಾರ ಜೋಡಿಸಿಕೊಟ್ಟವನು ನಾನೇ.

ಹಿನ್ನೆಲೆ ಹೇಳಿಬಿಡುತ್ತೇನೆ. ಸುರೇಶ ಇರುವುದು ಕಮಲಾಪುರದಲ್ಲಿ; ಅಲ್ಲಿಯ ಒಂದು ಶಾಲೆಗೆ ಏಳು ವರ್ಷದಿಂದ ವ್ಯಾನು ಓಡಿಸುತ್ತಾನೆ. ಹೋದ ವಾರ ಕ್ಯಾಮೆರಾ ಕೆಟ್ಟಿದ್ದಾಗ ಕನ್ನಡಿ ನಂಬಿ ಹಿಂದಕ್ಕೆ ತೆಗೆದು, ಶಾಲೆಯ ನೀರಿನ ಡ್ರಮ್ಮಿಗೆ ಗುದ್ದಿದ. ಡ್ರಮ್ಮು ಒಡೆಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಐದು ನಿಮಿಷ ಮೊದಲು ಎಲ್‌ಕೆಜಿ ಮಕ್ಕಳು ಅದೇ ಡ್ರಮ್ಮಿನ ಮುಂದೆ ಸಾಲಾಗಿ ನೀರು ಕುಡಿಯುತ್ತಿದ್ದವು. ಅಷ್ಟು ಎತ್ತರದ ಮಕ್ಕಳು ಯಾವ ಕನ್ನಡಿಗೂ ಸಿಗುವುದಿಲ್ಲ. ಹೆಡ್‌ಮಿಸ್ಟ್ರೆಸ್ ಕೂಗಾಡಲಿಲ್ಲವಂತೆ. ಕ್ಯಾಮೆರಾ ಸರಿಯಾಗುವವರೆಗೆ ಮಕ್ಕಳನ್ನು ಹತ್ತಿಸಬಾರದು, ಮಂಗಳವಾರ ಸಂಜೆ ಐದರೊಳಗೆ ಹಿಂದಿನದು ಪರದೆಯ ಮೇಲೆ ಸರಿಯಾಗಿ ಕಾಣಬೇಕು, ಇಲ್ಲವಾದರೆ ಬುಧವಾರದಿಂದ ಬೇರೆ ಗಾಡಿ, ಬೇರೆ ಡ್ರೈವರ್ ಎಂದಷ್ಟೇ ಹೇಳಿದರಂತೆ. ಕೂಗಾಡುವವರನ್ನು ಸುರೇಶ ಸಂಭಾಳಿಸುತ್ತಾನೆ. ಮೆತ್ತಗೆ ಹೇಳುವವರಿಗೆ ಅವನು ಹೆದರುತ್ತಾನೆ.

ಭಾನುವಾರ ನೋಡಿದಾಗ ಹಿಂಬಾಗಿಲ ಹತ್ತಿರ ತಂತಿ ಸವೆದು ಹರಿದಿತ್ತು, ಅದರ ತುದಿಯ ಕನೆಕ್ಟರ್ ಸೀಳಿತ್ತು. ಸುರೇಶ ಬಜಾರಿನಿಂದ ಅದೇ ನೇರಳೆ ಬಣ್ಣದ ಕನೆಕ್ಟರ್ ತಂದಿದ್ದ. ನಾನು ತಂತಿಯ ಸಿಪ್ಪೆ ಸುಲಿದೆ. ಒಳಗೆ ತವರದಂಥ ಹಾಳೆ, ಅದರೊಳಗೆ ನಾಲ್ಕು ಸಣ್ಣ ಎಳೆಗಳು ಒಂದರ ಮೈಮೇಲೆ ಒಂದು ಬಿದ್ದು ತಿರುಚಿಕೊಂಡಿದ್ದವು. ನನ್ನ ಕಣ್ಣಿಗೆ ಅದು ಶುದ್ಧ ಅಶಿಸ್ತು. ಡಿಪೋಕ್ಕೆ ಸೇರಿದ ಮೊದಲ ವಾರ ನಮ್ಮ ಫೋರ್‌ಮನ್ ಕಲಿಸಿದ್ದೇ ತಂತಿ ಬಾಚುವುದನ್ನು. ಎಣ್ಣೆ ಹಚ್ಚಿದ ತಲೆಯಂತೆ ತಂತಿಗಳು ನೇರವಾಗಿ ಮಲಗಬೇಕು, ನಾಲ್ಕು ಬೆರಳಿಗೊಂದು ಮೇಣದ ದಾರದ ಗಂಟು, ಮೂಲೆ ಬಂದಲ್ಲಿ ಕಾಟಕೋನ, ಅಂದರೆ ನೆಟ್ಟಗೆ ಎಲ್ ಆಕಾರದ ಮಡಿಕೆ. ಹಾಗೆ ಕಟ್ಟದಿದ್ದರೆ ಫೋರ್‌ಮನ್ ಕತ್ತರಿ ತಂದು ಕತ್ತರಿಸಿ ಹೋಗುತ್ತಿದ್ದ. ಹೀಗಾಗಿ ನಾನು ಆ ನಾಲ್ಕು ಎಳೆಗಳನ್ನು ಒಂದು ಗೇಣು ಉದ್ದಕ್ಕೆ ಬಿಡಿಸಿ, ಉಗುರಿನಿಂದ ಇಸ್ತ್ರಿ ಮಾಡಿ, ಪಕ್ಕಪಕ್ಕ ಮಲಗಿಸಿ, ಬೆಸುಗೆ ಹಾಕಿ, ಗಂಟು ಹಾಕಿದೆ. ಅಡ್ಡ ಬಂದ ಹಾಳೆಯನ್ನು ಕತ್ತರಿಸಿ ಎಸೆದೆ. ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ, ಮೇಲೆ ಟೇಪು ಸುತ್ತಿದೆ. ಅಷ್ಟು ಚಂದದ ಕೆಲಸ ನನ್ನ ಕೈಯಿಂದ ಬಹಳ ದಿನದ ಮೇಲೆ ಆಗಿತ್ತು.

ಚಾವಿ ತಿರುಗಿಸಿದಾಗ ಪರದೆಯ ಮೇಲೆ ನಮ್ಮ ಹಿಂದಿನ ಗೋಡೆ, ಗೋಡೆಯ ಮೇಲಿನ ಬೆಕ್ಕು, ಎಲ್ಲ ಕಂಡವು. ಎಂಜಿನ್ ಚಾಲೂ ಮಾಡಲಿಲ್ಲ. ಅಂಗಳದ ತುಂಬ ಹೆಂಡತಿ ಸಂಡಿಗೆ ಒಣಗಿಸಿದ್ದಳು. ಡೀಸೆಲ್ ಹೊಗೆ ಸಂಡಿಗೆಗೆ ತಾಗಿದರೆ ನನ್ನ ಸ್ಥಿತಿ ಸುರೇಶನ ಸ್ಥಿತಿಗಿಂತ ಕಷ್ಟವಾಗುತ್ತಿತ್ತು.

ಮಂಗಳವಾರ ನಾನು ಮಾಡಿದ ಮೊದಲ ಕೆಲಸ, ವ್ಯಾನಿನ ಹತ್ತಿರ ಹೋಗುವುದಕ್ಕೂ ಮೊದಲೇ, ವಹಿಯಲ್ಲಿ ದೋಷದ ಕಾರಣ ಎಂಬಲ್ಲಿ ಪೆನ್ಸಿಲಿನಿಂದ ‘ಇಲಿ’ ಎಂದು ಬರೆದದ್ದು. ಆಮೇಲೆ ಬ್ಯಾಟರಿ ಹಿಡಿದು ಒಂದು ತಾಸು ಇಲಿಯ ಗುರುತು ಹುಡುಕಿದೆ. ಮಂಡಿ ಊರಿ ಏಳುವಾಗ ಪ್ರತಿ ಸಲವೂ ವ್ಯಾನಿನ ಬಂಪರ್ ಹಿಡಿಯಬೇಕಾಯಿತು. ಹಿಂದೆ ಇಡೀ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡಿ ಊಟಕ್ಕೆ ಎದ್ದು ಬರುತ್ತಿದ್ದವನು ನಾನು. ಈಗ ಒಂದು ಬಾಗಿಲ ಬಳಿ ಬಗ್ಗಿದರೆ ಮಧ್ಯಾಹ್ನದವರೆಗೆ ಬೆನ್ನು ಮಾತಾಡುತ್ತದೆ. ಇಲಿ ಸಿಗಲಿಲ್ಲ. ನೀರೂ ಇರಲಿಲ್ಲ. ಉಳಿದವನು ಡ್ರೈವರ್, ಅವನು ಕೈಕಟ್ಟಿ ನಿಂತಿದ್ದ.

ಹತ್ತೂವರೆಗೆ ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಬಜಾರಿಗೆ ಹೊರಟೆವು. ಅಲ್ಲಿಯ ಒಂದು ಓಣಿಯಲ್ಲಿ ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡುವ ಆಫ್ರೀನಳ ಅಂಗಡಿ ಇದೆ. ನನ್ನ ಜೊತೆ ಅದೇ ಡಿಪೋದಲ್ಲಿ ದುಡಿದ ರಶೀದನ ಮಗಳು, ಮೂವತ್ತೈದರ ಆಸುಪಾಸು. ಡಿಪ್ಲೊಮಾ ಮುಗಿಸಿ ಕೆಲ ವರ್ಷ ಕಾರಿನ ಶೋರೂಮಿನಲ್ಲಿ ಕೆಲಸ ಮಾಡಿ, ಅಪ್ಪನ ಕಾಲು ಸೋತ ಮೇಲೆ ಅವನು ನಿವೃತ್ತಿಯ ಮೇಲೆ ತೆರೆದ ಅಂಗಡಿ ಹಿಡಿದವಳು. ಆಟೋಗಳ ನಡುವೆ ವ್ಯಾನನ್ನು ಆ ಓಣಿಗೆ ತರುವಷ್ಟರಲ್ಲಿ ಸುರೇಶ ನಾಲ್ಕು ಜನರ ಹತ್ತಿರ ಬೈಸಿಕೊಂಡ.

“ಆವೋ ಚಾಚಾ, ಕೂಡ್ರಿ. ಅಬ್ಬಾ ನಿಮ್ಮ ಹೆಸರ್ ತಗೊಂಡು ನನಗ ಈಗ್ಲೂ ಬೈತಾರ.”

“ಏನಂತ ಬೈತಾನ?”

“ತಂತಿ ಕಟ್ಟಿದ್ರ ಅವರಂಗ ಕಟ್ಟಬೇಕು, ನಿಂದೇನು ಸ್ಯಾವಿಗಿ ಅಂತ.”

ಈ ಮಾತಿನಿಂದ ನನ್ನ ಬೆನ್ನುನೋವು ಅರ್ಧ ಇಳಿಯಿತು. ಆಫ್ರೀನ್ ಹಿಂಬಾಗಿಲ ಹೊದಿಕೆ ತೆಗೆದು, ನನ್ನ ಟೇಪು ಬಿಚ್ಚಿ, ಮೊಬೈಲಿನ ಬೆಳಕು ಹಿಡಿದು ಎಳೆಗಳನ್ನು ಒಂದೊಂದಾಗಿ ನೋಡಿದಳು.

“ಯಾರ್ ಮಾಡ್ಯಾರ ಇದು? ಎಷ್ಟು ಸಾಫ್ ಕೆಲಸ!”

ನಾನು ಬಾಯಿ ತೆರೆಯುವುದರಲ್ಲಿದ್ದೆ.

“ಸಾಫ್ ಮಾಡಿದ್ದಕ್ಕೇ ಚಿತ್ರ ಹೋಗ್ಯಾದ,” ಎಂದಳು.

ನಾನು ಬಾಯಿ ಮುಚ್ಚಿದೆ. ಸುರೇಶ ಅಂಗಡಿಯ ಫ್ಯಾನು ನೋಡುತ್ತ, “ಯಾರೋ ಹೊರಗಿನವ್ರು ಮಾಡ್ಯಾರ್ರೀ, ಹೆಸರು ನೆನಪಿಲ್ಲ,” ಎಂದ. ಏಳು ವರ್ಷದ ಅವನ ನೌಕರಿ ಹೋಗುವುದರಲ್ಲಿತ್ತು. ಆದರೂ ಅವನು ಕಾಯುತ್ತಿದ್ದದ್ದು ನನ್ನ ಮಾನ.

ಚಹಾ ಬಂತು. ಚಹಾ ಮುಗಿಯುವವರೆಗೂ ನಾನು ಸುಮ್ಮನಿದ್ದೆ ಎಂದು ಒಪ್ಪಿಕೊಳ್ಳಬೇಕು. ಹೊರಗಿನವನ ಮೇಲೆ ಹಾಕಿದರೆ ಯಾರಿಗೇನು ನಷ್ಟ ಎಂದೂ ಲೆಕ್ಕ ಹಾಕಿದೆ. ಲೆಕ್ಕ ಸರಿ ಬರಲಿಲ್ಲ. ಆ ಎಳೆಗಳಿಗೆ ಏನೇನು ಮಾಡಿದೆ ಎಂದು ಅವಳಿಗೆ ಗೊತ್ತಾಗದಿದ್ದರೆ ಉಳಿದ ತಂತಿ ನಂಬುವ ಹಾಗಿದೆಯೋ ಇಲ್ಲವೋ ಅವಳಿಗೆ ತಿಳಿಯುವುದು ಹೇಗೆ? ಆ ತಂತಿಯ ಇನ್ನೊಂದು ತುದಿಯಲ್ಲಿ ಎಲ್‌ಕೆಜಿ ಮಕ್ಕಳಿದ್ದವು.

“ನಾನೇ ಮಾಡಿದ್ದು,” ಎಂದೆ. “ಮೂರು ಕಡೆ ಕಾಟಕೋನಕ್ಕ ಮಡಚಿ ಬಿಗಿದೀನಿ.”

“ಗೊತ್ತಾಯ್ತು ಬಿಡ್ರಿ ಚಾಚಾ. ಈ ಗಂಟು ನಮ್ಮ ಅಬ್ಬಾ ಪಾಯಿಜಾಮಾದ ಲಾಡಿಗೂ ಹಾಕ್ತಾರ.”

ಸುರೇಶ ಮೊದಲು ನಕ್ಕ, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ.

ಆಫ್ರೀನ್ ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮ ಕಾಲದ ತಂತಿಗೆ ಗೊತ್ತಿದ್ದದ್ದು ಹೌದು, ಇಲ್ಲ ಎಂಬ ಎರಡೇ ಮಾತು. ದೀಪ ಹತ್ತಿತು, ಆರಿತು. ಹಾರ್ನು ಕೂಗಿತು, ನಿಂತಿತು. ಈಗಿನ ಕ್ಯಾಮೆರಾ ತಂತಿ ಕಣ್ಣು ಮಿಟುಕಿಸುವುದರೊಳಗೆ ಲೆಕ್ಕವಿಲ್ಲದಷ್ಟು ಸಲ ಹೌದು ಇಲ್ಲ ಹೇಳಬೇಕು. ಪಕ್ಕದಲ್ಲಿ ಎಂಜಿನ್ ತಿರುಗತೊಡಗಿದರೆ ಅದರ ಗದ್ದಲವೂ ತಂತಿಯೊಳಗೆ ನುಗ್ಗುತ್ತದೆ. ಅದಕ್ಕಾಗಿಯೇ ಎಳೆಗಳನ್ನು ತಿರುಚಿರುತ್ತಾರೆ.

“ಈ ಮಾರ್ಕೆಟ್ ಗದ್ದಲದಾಗ ಅಕ್ಕ ತಂಗಿ ಕೈಗೆ ಕೈ ಹೆಣಕೊಂಡು ಹೋಗ್ತಾರಲ್ಲ ಚಾಚಾ, ಹಂಗ. ಧಕ್ಕಾ ಬಡದ್ರ ಇಬ್ರಿಗೂ ಸಮ ಬಡೀತದ, ಹೋಗೋ ದಾರಿ ತಪ್ಪಂಗಿಲ್ಲ. ಮ್ಯಾಲಿನ ಹಾಳಿ ಅವರ ಬುರಖಾ. ನೀವು ಬುರಖಾ ಕತ್ತರಿಸಿ, ಕೈ ಬಿಡಿಸಿ, ಪಿ.ಟಿ. ಮೇಷ್ಟ್ರಂಗ ಸಾಲಾಗಿ ನಿಲ್ಲಿಸೀರಿ.”

ಮೂವತ್ತಮೂರು ವರ್ಷ ನಾನು ಮಾಡಿದ್ದು ಅದನ್ನೇ. ತಂತಿಗಳಿಗಷ್ಟೇ ಅಲ್ಲ. ಮನೆಯಲ್ಲಿ ಚಪ್ಪಲಿಗಳಿಗೆ, ಡಬ್ಬಿಗಳಿಗೆ, ಬಂದ ನೆಂಟರಿಗೆ. ತಿರುಚಿಕೊಂಡದ್ದೆಲ್ಲ ಕೆಟ್ಟದ್ದು, ಬಿಡಿಸಿ ನೇರ ಮಾಡಿದ್ದೆಲ್ಲ ಸರಿಯಾದದ್ದು ಎಂಬ ನಂಬಿಕೆಯಿಂದ ಬೆಳಗ್ಗೆ ಐದಕ್ಕೆ ಎದ್ದು ಜಗತ್ತಿಗೆ ಬಾಚಣಿಗೆ ಹಾಕುತ್ತ ಬಂದೆ. ಈ ವಯಸ್ಸಿನಲ್ಲಿ ಒಂದು ತಂತಿ ತಿರುಗಿ ನಿಂತು, ನಮ್ಮ ಗಂಟು ನಮಗೆ ಬೇಕು ಎಂದರೆ ಸಿಟ್ಟು ಬರುವುದಿಲ್ಲ. ದಣಿವಾಗುತ್ತದೆ. ಹೊಸದನ್ನು ಕಲಿಯುವ ದಣಿವು ಅಷ್ಟೇನಿಲ್ಲ. ಕಲಿತದ್ದನ್ನು ಇಳಿಸುವ ದಣಿವೇ ದೊಡ್ಡದು.

ನನ್ನ ಜೋಡಣೆಯನ್ನು ತಿದ್ದುವ ಹಾಗಿರಲಿಲ್ಲ. ಇಂಥ ತಂತಿಯನ್ನು ತುಂಡು ಜೋಡಿಸಬಾರದು, ಎರಡೂ ತುದಿಗೆ ಕಾರ್ಖಾನೆಯಲ್ಲೇ ಕನೆಕ್ಟರ್ ಕೂಡಿಸಿದ ಅಖಂಡ ತಂತಿಯನ್ನೇ ಹಾಕಬೇಕು ಎಂದಳು. ಅಂಥ ಐದಾರು ತಂತಿಗಳನ್ನು ಗಲ್ಲಾದ ಮೇಲೆ ಹರಡಿದಳು. ನೇರಳೆ, ನೀಲಿ, ಹಸಿರು, ಕಂದು. ಒಂದೊಂದು ಬಣ್ಣದ ತಲೆಗೆ ಒಂದೊಂದು ಬಗೆಯ ಗೀರು, ತನ್ನದಲ್ಲದ ಮನೆಗೆ ಹೋಗುವುದಿಲ್ಲ. ನೇರಳೆಯಲ್ಲೇ ಎರಡಿದ್ದವು. ನಾನು ಹೊಳೆಯುವುದನ್ನು ಎತ್ತಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದಿಟ್ಟಳು. ಅದು ಡ್ಯಾಶ್‌ಬೋರ್ಡಿನ ಒಳಗಿನದಂತೆ. ಹಿಂಬಾಗಿಲಿನದು ಮಳೆ, ಧೂಳು ತಿನ್ನುವ ಜಾಗ, ಕನೆಕ್ಟರಿನ ಕುತ್ತಿಗೆಗೆ ರಬ್ಬರ್ ಪಟ್ಟಿ ಇರುವುದೇ ಬೇಕಂತೆ. ಉದ್ದವೂ ಅಳತೆಗೆ ಸರಿಯಿರಬೇಕು, ಉಳಿದದ್ದನ್ನು ಸುತ್ತಿ ತುರುಕಬಾರದು. ಕೂಡಿಸುವಾಗ ‘ಟಿಕ್’ ಎಂಬ ಸಪ್ಪಳ ಬರದಿದ್ದರೆ ಕೂಡಿಲ್ಲ ಎಂದೇ ತಿಳಿಯಬೇಕು. ಈ ಕೊನೆಯ ಮಾತು ಮಾತ್ರ ನಮ್ಮ ಡಿಪೋದ್ದೇ ಆಗಿತ್ತು. ಹಳೆಯ ಪರಿಚಯದವರೊಬ್ಬರು ಸಿಕ್ಕಂತಾಯಿತು.

ಮುಂದಿನ ಎರಡು ತಾಸು ಚಾವಣಿಯ ಹೊದಿಕೆಯೊಳಗಿಂದ ತಂತಿ ಎಳೆದೆವು. ಎಳೆದವಳು ಆಫ್ರೀನ್, ನಾನು ಹಿಂದಿನ ಸೀಟಿನಲ್ಲಿ ಕೂತು ಕೊಡುತ್ತಿದ್ದೆ. ಮೂಲೆ ಬಂದಾಗ ನನ್ನ ಬೆರಳು ತಾನಾಗಿಯೇ ಕಾಟಕೋನಕ್ಕೆ ಮಡಚಿತು. ಅವಳು ಕೈಯಿಂದ ಒಂದು ಬಳೆ ತೆಗೆದು ಮೂಲೆಗೆ ಹಿಡಿದಳು.

“ಇಷ್ಟು ಗುಂಡಗ ತಿರುಗಬೇಕು ಚಾಚಾ. ಇದಕ್ಕಿಂತ ಮುರದ್ರ ಒಳಗ ನೋವಾಗ್ತದ, ಹೊರಗ ಕಾಣಂಗಿಲ್ಲ.”

ದಾರಿಯುದ್ದಕ್ಕೂ ನಾನು ಬಿಗಿದು ಕಟ್ಟಿದ ಪ್ಲಾಸ್ಟಿಕ್ ಪಟ್ಟಿಗಳನ್ನೂ ಅವಳು ಒಂದೊಂದಾಗಿ ಬೆರಳು ಹೋಗುವಷ್ಟು ಸಡಿಲಿಸಿದಳು. ತುದಿಗೆ ಟಿಕ್ ಎಂದಿತು. ಸುರೇಶ ಎಂಜಿನ್ ಚಾಲೂ ಮಾಡಿದ. ಪರದೆಯ ಮೇಲೆ ಓಣಿ, ಒಂದು ಆಟೋ, ಆಟೋದವನು ನಮಗೆ ಬೈಯುತ್ತಿದ್ದದ್ದು, ಎಲ್ಲ ಸ್ಪಷ್ಟವಾಗಿ ಬಂತು.

ಕಮಲಾಪುರಕ್ಕೆ ನಾನೂ ಹೋದೆ. ಹೋಗಬೇಕಿರಲಿಲ್ಲ, ಆದರೆ ಭಾನುವಾರ ಸಂಡಿಗೆಯ ನೆವದಲ್ಲಿ ಬಿಟ್ಟ ಪರೀಕ್ಷೆ ನನ್ನ ಹೆಸರಿನಲ್ಲೇ ಬಾಕಿ ಇತ್ತು. ದಾರಿಯುದ್ದಕ್ಕೂ ಪ್ರತಿ ಉಬ್ಬಿಗೂ ನಾವಿಬ್ಬರೂ ಪರದೆ ನೋಡಿದೆವು. ನಾಲ್ಕೂವರೆಗೆ ಶಾಲೆ ಮುಟ್ಟಿದೆವು. ಹೆಡ್‌ಮಿಸ್ಟ್ರೆಸ್ ಛತ್ರಿ ಹಿಡಿದು ಹೊರಬಂದರು, ಪರದೆಯ ಮುಂದೆ ಕೂತರು, ಎಂಜಿನ್ ಚಾಲೂ ಇರಲಿ ಎಂದರು. ಆಮೇಲೆ ಮೆತ್ತಗೆ ಕೇಳಿದರು:

“ಡ್ರಮ್ಮು ದೊಡ್ಡದಿರ್ತದ್ರೀ, ಕಾಣಿಸ್ತದ. ನಮ್ಮ ಸಣ್ಣ ಕೂಸು ಕಾಣಿಸ್ತದೇನು?”

ಚಾಲೂ ಇರುವ ಗಾಡಿಯ ಹಿಂದೆ ಕೂಸನ್ನು ನಿಲ್ಲಿಸುವ ಹಾಗಿಲ್ಲ. ಕಟ್ಟಿದವನೇ ನಿಲ್ಲಬೇಕು ಎಂಬುದು ಡಿಪೋದ ಪದ್ಧತಿ. ಬ್ರೇಕು ತೋರಿಸುವಾಗ ಫೋರ್‌ಮನ್ ನಮ್ಮನ್ನು ಬಸ್ಸಿನ ಮುಂದೆಯೇ ನಿಲ್ಲಿಸುತ್ತಿದ್ದ. ನಾನು ವ್ಯಾನಿನ ಹಿಂದೆ ಹೋಗಿ ಎರಡೂ ಮಂಡಿ ಮಡಚಿ ಕುಕ್ಕರುಗಾಲಲ್ಲಿ ಕೂತೆ. ತಲೆ ಬಗ್ಗಿಸಿದಾಗ ಎಲ್‌ಕೆಜಿ ಎತ್ತರಕ್ಕೆ ಬಂದೆ. ಶಾಲೆಯ ಕಿಟಕಿಗಳಿಂದ ಮಕ್ಕಳೆಲ್ಲ ನೋಡಿ ಕಿಸಿಕಿಸಿ ನಗುತ್ತಿದ್ದವು. ಡೀಸೆಲ್ ಹೊಗೆ ನೇರ ಮುಖಕ್ಕೆ ಬರುತ್ತಿತ್ತು.

“ಮಾಮಾ!” ಎಂದು ಸುರೇಶ ಒಳಗಿನಿಂದ ಕೂಗಿದ. “ಪೂರಾ ಕಾಣಾಕತ್ತೀರಿ! ಅಂಗಿ ಗುಂಡಿ ಸೈತ ಕಾಣಾಕತ್ತಾವ!”

ಹೆಡ್‌ಮಿಸ್ಟ್ರೆಸ್ ಇಳಿದು ಬಂದು, “ನಾಳೆ ಏಳೂವರೆಗೆ ಗಾಡಿ ಬರ್ಲಿ,” ಎಂದು ಸುರೇಶನಿಗೆ ಹೇಳಿದರು. ನನಗೆ, “ಅಜ್ಜಾರ, ಏಳ್ರಿನ್ನ,” ಎಂದರು. ಏಳುವುದು ಆಗಲಿಲ್ಲ. ಸುರೇಶ ಎರಡೂ ಕೈ ಹಿಡಿದು, ಅವನ ಬೆರಳು ನನ್ನ ಬೆರಳಿಗೆ ಹೆಣೆದು, ಎತ್ತಿದ. ಬಸ್ ಸ್ಟ್ಯಾಂಡಿನವರೆಗೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಅಲ್ಲಿ ಅರ್ಧ ಡಜನ್ ಕೆಂಪು ಬಾಳೆಹಣ್ಣು ಕೊಡಿಸಿ ಬಸ್ಸು ಹತ್ತಿಸಿದ. ಮನೆ ಮುಟ್ಟಿದಾಗ ಏಳು ಗಂಟೆ ಇಪ್ಪತ್ತು ನಿಮಿಷ. ಕಾಲು ತೊಳೆದು, ಹಣ್ಣುಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು, ಒಂದು ಕ್ಷಣ ನೋಡಿ, ಹಾಗೇ ಬಿಟ್ಟೆ. ಎಲ್ಲವನ್ನೂ ಒಂದೇ ದಿನ ಸಡಿಲಿಸಲಾಗುವುದಿಲ್ಲ. ಆಮೇಲೆ ವಹಿ ತೆರೆದೆ. ಹಾಜರಿದ್ದವರ ಸಾಲಿಗೆ ಆಫ್ರೀನಳ ಹೆಸರು ಸೇರಿಸಿದೆ. ರಬ್ಬರು ಹುಡುಕಿ ಇಲಿಯನ್ನು ಅಳಿಸಿದೆ. ಅದರ ಜಾಗದಲ್ಲಿ, ಪೆನ್ನಿನಿಂದ, ನನ್ನ ಹೆಸರು ಬರೆದು, ಕೆಳಗೆ ಸಹಿ ಮಾಡಿದೆ.