ನೀರಾನಿಗೆ ಕುಂಕುಮ

ನಮ್ಮ ಮೊಮ್ಮಗಳು ಗಂಗಾ ಮೆಟ್ರಿಕ್ ಪಾಸಾದಳು. ಬರೀ ಪಾಸಲ್ಲ, ಫಸ್ಟ್ ಕ್ಲಾಸು. ನಿನ್ನೆ ಪೇಪರಿನಲ್ಲಿ ಆಕೆಯ ನಂಬರು ಬಂದಿದೆ. ನಮ್ಮ ಮನಿಯವರು ಆ ಪೇಪರು ಹಿಡಿದುಕೊಂಡು ಸವಣೂರು ಪ್ಯಾಟಿ ಸುತ್ತಿ ಬಂದರು. ಖಾರದ ಅಂಗಡಿಯವನಿಗೆ ತೋರಿಸಿದರು, ದರ್ಜಿಗೆ ತೋರಿಸಿದರು, ಓದಲು ಬಾರದ ಕುಂಬಾರ ಮುದುಕನಿಗೂ ನಂಬರಿನ ಮೇಲೆ ಬೆರಳಿಟ್ಟು ತೋರಿಸಿದರು. ನಮ್ಮ ಮನೆತನದ ಗಂಡಸರೊಳಗೂ ಹತ್ತನೇ ಇಯತ್ತೆ ದಾಟಿದವರು ಒಬ್ಬರಿಲ್ಲ. ನಾನಂತೂ ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಆದರೂ ಈ ಸಂತೋಷ ಹೊಟ್ಟೆಯೊಳಗೆ ಹಿಡಿಸದೆ ಪೆನ್ನು ಹಿಡಿದು ಕುಂತೇನಿ. ಅಕ್ಷರ ಸೊಟ್ಟ ಇದ್ದರೆ ಸುಧಾರಿಸಿಕೊಂಡು ಓದಬೇಕು.

ಈ ಹುಡುಗಿ ಹುಟ್ಟುವ ಮೊದಲು ಒಂದು ಸಂಗತಿ ನಡೆದಿತ್ತು. ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನು ನಂಬುವ ಪೈಕಿ ಅಲ್ಲ. ಬಾವಿಕಟ್ಟಿಯ ಮೇಲೆ ಯಾರಾದರೂ ಹುಣಸಿಗಿಡದಾಗ ಏನೋ ಕಂಡೆ ಅಂದರೆ, "ಕೊಡ ತುಂಬೇತೇನ ನೋಡ ಮೊದಲ" ಅನ್ನುತ್ತಿದ್ದೆ. ಮೈಮೇಲೆ ಬರುವುದು, ಕನಸಿನಲ್ಲಿ ಹೇಳುವುದು, ಎಲ್ಲಕ್ಕೂ ನಕ್ಕವಳು. ಈಗ ನೀವು ಇದನ್ನು ಓದಿ ನಕ್ಕರೂ ನನಗೆ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮದು ಊರಂಚಿನ ವೀಳ್ಯದ ಎಲಿತೋಟ. ಮನಿಯಲ್ಲಿ ನಾನು, ನಮ್ಮ ಯಜಮಾನರು, ಮಗ ಬಸವರಾಜ, ಸೊಸಿ ನೀಲವ್ವ. ನೀಲವ್ವ ಚಿಕ್ಕೇರೂರಿನ ಒಕ್ಕಲಿಗರ ಮನಿ ಹುಡುಗಿ; ಮಾತು ಕಡಿಮೆ, ಕೈ ಚುರುಕು. ಮದುವೆಯಾಗಿ ಬಂದ ಮೇಲೆ ಆಕೆಗೆ ಎರಡು ಸಲ ಬಸುರು ನಿಂತು, ಎರಡು ಸಲವೂ ಅರ್ಧದಲ್ಲಿ ಹೋಗಿತ್ತು. ಮೂರನೇದು ಆರು ತಿಂಗಳಿಗೆ ಬಂದಾಗ ನಾನು ಆಕೆಯ ಕೈಲಿ ಒಂದು ಕೊಡ ಸಹ ಎತ್ತಿಸುತ್ತಿರಲಿಲ್ಲ.

ಅದು ಮೊಹರಮ್ಮಿನ ಸಮಯ. ಒಂದು ದಿನ ನಾನು ಎಲಿ ಕೀಳುವಾಗ ನೀಲವ್ವ ತೋಟಕ್ಕೆ ಬಂದು ನನ್ನ ಮಗ್ಗಲಿಗೆ ನಿಂತಳು. ಮಾರಿ ಬಾಡಿತ್ತು.

"ಅತ್ತಿ, ಹೊಟ್ಟ್ಯಾಗ ಕೂಸು ಆಡವಲ್ದು."

"ಯಾವಾಗಿಂದ?"

"ನಿನ್ನೆ ಮುಂಜಾನಿಂದ. ರಾತ್ರಿ ಮನಿ ಮುಂದ ಹಲಗಿ ಹೊಡಕೋತ ಹೋದರಲ್ಲಾ, ಆವಾಗರ ಒದೀತೈತೇನೋ ಅಂತ ಕೈ ಇಟಗೊಂಡ ಕುಂತಿದ್ದೆ. ಒದೀಲಿಲ್ಲ."

ಸೂಲಗಿತ್ತಿ ಹುಸೇನಬಿಯನ್ನು ಕರೆಸಿದೆ. ಆಕೆ ಹೊಟ್ಟೆಯ ಎಲ್ಲ ಕಡೆ ಒತ್ತಿ ನೋಡಿದಳು. "ನಾಳೆ ಮುಂಜಾನೆ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಕರಕೊಂಡ ಹೋಗವಾ" ಅಂದಳು. ಹೇಳುವಾಗ ನನ್ನ ಮಾರಿ ನೋಡಲಿಲ್ಲ. ಅಷ್ಟರಲ್ಲೇ ನನಗೆ ಅರ್ಥವಾಯಿತು. ಯಲವಿಗಿ ಸ್ಟೇಷನ್ನಿಗೆ ಹೋಗಿ ಮೊದಲನೇ ರೈಲು ಹಿಡಿಯುವುದೆಂದು ನಿಶ್ಚಯಿಸಿದೆ. ಗಂಡಸರಿಗೆ ಮಾತ್ರ ಹೇಳಲಿಲ್ಲ. ಹಿಂದಿನ ಸಲ ಬಸುರು ಹೋದಾಗ ಬಸವರಾಜ ತೋಟದೊಳಗೆ ಮಲಗಿಬಿಟ್ಟವನು ಎರಡು ದಿನ ಎದ್ದಿರಲೇ ಇಲ್ಲ. ಒಂದು ರಾತ್ರಿಯಾದರೂ ನಿಶ್ಚಿಂತೆಯಿಂದ ಮಲಗಲಿ ಅಂದುಕೊಂಡೆ.

ಆಗ ಊರ ಹೊರಗಿನ ಬಯಲಿನಲ್ಲಿ ಪ್ರಾಣಿಗಳ ಡೇರೆ ಬಂದಿತ್ತು. ಸರ್ಕಸ್ಸಲ್ಲ. ಪರದೇಶದ ಪ್ರಾಣಿಗಳನ್ನು ಹತ್ತಿರ ನಿಂತು ನೋಡುವುದು, ಮುಟ್ಟುವುದು, ಕೈಯಾರೆ ಮೇವು ಹಾಕುವುದು. ಅಲ್ಲಿಗೆ ಹೋಗಿಬಂದ ಬಸವರಾಜ ಅದೇ ದಿನ ಮಧ್ಯಾಹ್ನ ಉಣ್ಣುತ್ತ ಸುದ್ದಿ ಹೇಳಿದ. "ಅವ್ವಾ, ಅಲ್ಲೊಂದು ನೀರಾನಿ ಐತಿ. ಬಾಯಿ ತಗದರ ಒಳಗ ನಮ್ಮ ಮುಸುರಿ ಬಾನಿ ಹೋಗತೈತಿ ನೋಡ. ಮೇವು ಬೀಳೂ ಮಟಾ ಬಾಯಿ ಮುಚ್ಚೂದಿಲ್ಲ."

ಗ್ವಾಡಿಗೆ ಮುಖ ಮಾಡಿ ಮಲಗಿದ್ದ ನೀಲವ್ವ ಹೊರಳಿದಳು. "ಅತ್ತಿ, ನನಗ ಅದಕ್ಕ ಕೈಯಾರೆ ಮೇವು ಹಾಕಬೇಕನ್ನಸೇತಿ" ಅಂದಳು.

ಬಸುರಿಯ ಬಯಕಿ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತವೆ ಎಂದು ನಮ್ಮ ಕಡೆ ಹೇಳುತ್ತಾರೆ. ಅದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಆದರೆ ಮದುವೆಯಾದಾಗಿನಿಂದ ಒಂದು ಬಳಿಯನ್ನೂ ಬೇಡದ ಹುಡುಗಿ, ಎರಡು ದಿನದಿಂದ ಬಾಯಿಗೆ ಅನ್ನ ಮುಟ್ಟಿಸದವಳು, ಒಂದು ಬೇಕು ಅಂದಾಗ ಹೇಗೆ ಇಲ್ಲ ಅನ್ನಲಿ? ಹೊರಡುವಾಗ ಮಗ್ಗಲ ಮನಿ ಕಲ್ಲವ್ವ ಅಡ್ಡ ಬಂದಳು. "ಬಸುರಿನ್ನ ಅಲ್ಲಿಗೆ ಕರಕೊಂಡ ಹೊಂಟೀಯಲ್ಲ, ಕೂಸು ಅಂಥಾ ಬಾಯಿ ತಗೊಂಡ ಹುಟ್ಟೀತ ನೋಡ."

"ಹುಟ್ಲಿ ಬಿಡ. ನಿನಗ ಎದರ ಮಾತಾಡಾಕ ನಮ್ಮನ್ಯಾಗ ಒಬ್ಬರರ ಬೇಕಲ್ಲ" ಅಂದು ಮುಂದೆ ನಡೆದೆ.

ತೋಟದ ಚೊಗಚಿ ಗಿಡದ ಸೊಪ್ಪು ಒಂದು ಸಿವುಡು ಕಟ್ಟಿಕೊಂಡೆವು. ಬಳ್ಳಿ ಹಬ್ಬಿಸಲು ಹಚ್ಚಿದ ಗಿಡ ಅದು, ನಮ್ಮ ಎಮ್ಮಿಗೆ ಬಹಳ ಪ್ರೀತಿ. ಯಜಮಾನರು ತಲೆಗೆ ಹೊಸ ಪಟಗಾ ಸುತ್ತಿಕೊಂಡು ಬೀಗರ ಮನಿಗೆ ಹೊರಟವರಂತೆ ಮುಂದೆ ನಡೆದರು. ಡೇರೆಯೊಳಗೆ ಮೈಮೇಲೆ ಪಟ್ಟಿ ಬಳಿದಂಥ ಕತ್ತೆ ಇತ್ತು, ನಮ್ಮ ಆಳೆತ್ತರ ಮೀರಿದ ಹಕ್ಕಿ ಇತ್ತು. ಹೆಬ್ಬಾವಿನವನು ಯಜಮಾನರ ಪಟಗಾ ನೋಡಿದ್ದೇ ಅವರ ಹೆಗಲಿಗೆ ಹಾವು ಇಳಿಬಿಟ್ಟ. ಅವರು ಕಂಬದ ಹಾಗೆ ನಿಂತುಬಿಟ್ಟರು.

"ಅಪ್ಪಾ, ಉಸಿರಾಡಪಾ" ಅಂದ ಬಸವರಾಜ.

"ಮೊದಲ ಅದು ಇಳೀಲಿ, ಆಮ್ಯಾಲ ಆಡತೇನಿ."

ಎಲ್ಲರೂ ನಕ್ಕರು. ನೀಲವ್ವನೂ ನಕ್ಕಂತೆ ಮಾಡಿದಳು. ನಾನು ಆಕೆಯ ಮುಂಗೈ ಹಿಡಿದುಕೊಂಡಿದ್ದೆ, ತಣ್ಣಗಿತ್ತು.

ನೀರಾನಿ ಕೊನೆಗಿತ್ತು. ಮುಂದೆ ಕಬ್ಬಿಣದ ಸಳಿ, ಹಿಂದೆ ಕೆಸರು ನೀರಿನ ದೊಡ್ಡ ತೊಟ್ಟಿ. ಅದನ್ನು ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಆತ ಕೋಲಿನಿಂದ ಸಳಿ ಬಡಿದರೆ ಅದು ಬಾಯಿ ತೆರೆಯುವುದು, ಜನ ಕೋಬಿಗಡ್ಡಿ ಎಲಿ ಒಗೆಯುವುದು. ನಮ್ಮ ಪಾಳಿ ಬಂತು. ನಮ್ಮ ಮನಿಯಲ್ಲಿ ಹೊಸ ದನ ಬಂದರೆ ಮೊದಲು ಹಣೆಗೆ ಕುಂಕುಮ, ಆಮೇಲೆ ಮೇವು. ಆ ರೂಢಿಯಲ್ಲೇ ನನ್ನ ಕೈ ಸೊಂಟದ ಚಂಚಿಗೆ ಹೋಗಿ, ಕುಂಕುಮ ತೆಗೆದು, ಸಳಿಯೊಳಗೆ ತೂರಿತ್ತು.

"ಕೈ ತಗೀರಿ ಅಮ್ಮಾ, ಅದು ಆಕಳಲ್ಲ" ಅಂತ ಚಾಚಾ ಓಡಿಬಂದ.

"ಹೆಣ್ಣೋ ಗಂಡೋ?"

"ಹೆಣ್ಣರಿ."

"ಮತ್ತ ಹೆಣ್ಣಿಗೆ ಕುಂಕುಮ ಹಚ್ಚಲಾರದ ಹೆಂಗ ಉಣ್ಣಾಕ ನೀಡೂದು?"

ಹಿಂದಿನವರು ನಕ್ಕರು. ಆದರೆ ಅದು ತೆರೆದಿದ್ದ ಬಾಯಿಯನ್ನು ಮೆಲ್ಲಗೆ ಮುಚ್ಚಿತು. ಮುಂದೆ ಬಂದು ಹಣೆಯನ್ನು ಸಳಿಗೆ ಆನಿಸಿತು. ನಾನು ಕುಂಕುಮ ಇಟ್ಟೆ. ಚರ್ಮ ನೆನೆಸಿದ ತೊಗಲಿನಂತೆ ಇತ್ತು. ನೀಲವ್ವ ಸೊಪ್ಪು ಚಾಚಿದಳು. ಅದು ಸೊಪ್ಪು ಮುಟ್ಟಲಿಲ್ಲ, ಆಕೆಯನ್ನೇ ನೋಡುತ್ತ ನಿಂತಿತು.

ಆಗ ಒಂದು ದನಿ ಬಂತು. ಖಾಲಿ ಬೀಸುಕಲ್ಲು ದೂರದಲ್ಲಿ ತಿರುಗಿದ ಹಾಗೆ. ಕಿವಿಗೆ ಬಂದದ್ದಲ್ಲ ಅದು, ಅಂಗಾಲಿನಿಂದ ಏರಿ ಎದೆಗೂಡಿನೊಳಗೆ ನಿಂತಿತು. ನೀಲವ್ವ ನನ್ನ ಕೈಯನ್ನು ಸೆರಗಿನೊಳಗೆ ಎಳೆದು ಹೊಟ್ಟೆಗೆ ಒತ್ತಿಕೊಂಡಳು. ಅಂಗೈಗೆ ಒಂದು ಒದೆ ಬಿತ್ತು. ದನಿ ನಿಂತಿತು, ಒದೆಯೂ ನಿಂತಿತು. ಮತ್ತೆ ದನಿ ಬಂತು, ಮತ್ತೆ ಒದೆ ಬಿತ್ತು. ಕರೆದವರಿಗೆ ಓಗೊಟ್ಟ ಹಾಗೆ. ಎಷ್ಟು ಸಲವೋ ಎಣಿಸಲಿಲ್ಲ. ಕೊನೆಗೆ ಅದು ಬಾಯಿ ತೆರೆದು, ಸಿವುಡನ್ನು ಕಟ್ಟಿದ ಹಗ್ಗ ಸಮೇತ ತಿಂದು, ನೀರೊಳಗೆ ಇಳಿಯಿತು. ಹೊಟ್ಟೆಯೊಳಗಿನ ಆಟ ಮಾತ್ರ ನಿಲ್ಲಲಿಲ್ಲ.

"ಎಂಥಾ ದನಿ ತಗೀತಲ್ಲೋ" ಅಂದೆ ಬಸವರಾಜನಿಗೆ.

"ಯಾವ ದನಿಬೇ?" ಅಂದ ಅವನು. ಆತ ನಮ್ಮ ಮಗ್ಗಲಿಗೇ ನಿಂತಿದ್ದ. ಯಜಮಾನರಿಗೂ ಕೇಳಿಸಿರಲಿಲ್ಲ, ಹಿಂದಿನವರಿಗೂ ಇಲ್ಲ. ಚಾಚಾನನ್ನು ಕೇಳಿದೆ. "ದನಿ ನಾ ಕೇಳಲಿಲ್ಲರಿ. ಆದರ ತೊಟ್ಟಿ ನೀರು ನಡಗಿದ್ದು ನೋಡಿದೆ" ಅಂದ. ತೊಟ್ಟಿ ಕಡೆ ಕೋಲು ತೋರಿಸಿ, "ಮೇವು ಮುಂದಿದ್ದಾಗ ಈಕಿ ಬಾಯಿ ಮುಚ್ಚಿದ್ದು ಇದ ಮೊದಲ" ಅಂದ.

ಮರುದಿನ ಹುಬ್ಬಳ್ಳಿಗೆ ಹೋಗಿಯೇ ಬಂದೆವು. ಡಾಕ್ಟರಮ್ಮ ಹೊಟ್ಟೆಯ ಮೇಲೆ ನಳಿಗೆ ಇಟ್ಟು ಕೇಳಿ, ಕೂಸು ಗಟ್ಟಿಮುಟ್ಟಾಗಿದೆ ಅಂದರು. ನಡೆದದ್ದನ್ನು ಹೇಳಿದೆ. ಕೂಸು ಮಲಗಿರುತ್ತದೆ, ಏಳುತ್ತದೆ, ನೀವು ಹೋದ ಹೊತ್ತಿಗೆ ಎದ್ದಿರಬೇಕು ಎಂದು ನಕ್ಕರು. ಇರಬಹುದು. ಆದರೆ ದನಿ ನಿಂತಾಗ ನಿಂತು, ಬಂದಾಗ ಒದ್ದದ್ದು ಯಾಕೆ? ಡೇರೆ ಕೀಳುವ ಮೊದಲು ನಾನೊಬ್ಬಳೇ ಮತ್ತೆ ಹೋಗಿದ್ದೆ, ಸೊಪ್ಪಿನ ಜೊತೆ. ಆ ನೀರಾನಿ ಬಾಯಿ ತೆರೆಯಿತು, ತಿಂದಿತು, ನನಗೆ ಬೆನ್ನು ತಿರುಗಿಸಿ ನಿಂತಿತು. ನನ್ನ ಗುರುತೂ ಹಿಡಿಯಲಿಲ್ಲ.

ಗಂಗಾ ದಿನ ತುಂಬಿಯೇ ಹುಟ್ಟಿದಳು, ಗುಂಡಕಲ್ಲಿನ ಹಾಗೆ. ಬಾಯಿ ಸಣ್ಣದೇ ಇತ್ತು. ಕಲ್ಲವ್ವ ಬಂದು ನೋಡಿಕೊಂಡು ಹೋದಳು. ಈಗ ಗಂಗಾ ವಿಜ್ಞಾನದ ಪುಸ್ತಕ ಓದುವವಳು. "ಅಜ್ಜಿ, ಮನಷ್ಯಾರ ಕಿವಿಗೆ ಕೇಳಲಾರದಂಥ ದನಿನೂ ಇರತಾವ" ಅನ್ನುತ್ತಾಳೆ. ಹಂಗಾರ ನಿಮ್ಮವ್ವಗ ನನಗ ಇಬ್ಬರಿಗೇ ಹೆಂಗ ಕೇಳಿಸ್ತು ಅಂದರೆ ತಲೆ ಕೆರೆದುಕೊಳ್ಳುತ್ತಾಳೆ. ಫಸ್ಟ್ ಕ್ಲಾಸಿನವಳಿಗೇ ತಿಳಿಯದ್ದು ನನಗೆಲ್ಲಿ ತಿಳಿದೀತು? ಇಷ್ಟು ವರ್ಷ ತಿರುವಿ ತಿರುವಿ ನೋಡಿದ್ದೇನೆ, ಇವತ್ತಿಗೂ ಗೊತ್ತಾಗಿಲ್ಲ.

ಡೇರೆಯಿಂದ ಮನಿಗೆ ಬಂದ ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಒಲೆ ಹೊತ್ತಿಸಿ ರೊಟ್ಟಿ ಬಡಿದೆ, ಬದನಿಕಾಯಿ ಎಣಗಾಯಿ ಮಾಡಿದೆ. ಗಂಡಸರದಾದ ಮೇಲೆ ಹೆಂಗಸರು ಉಣ್ಣುವುದು ಆಗ ನಮ್ಮ ಮನಿಯ ರೀತಿ. ಆ ದಿನ ನಾನು ನಾಲ್ಕು ತಾಟು ಒಂದೇ ಸಾಲಿಗೆ ಇಟ್ಟು, ಮೊದಲನೇ ಬಿಸಿ ರೊಟ್ಟಿಯನ್ನು ನೀಲವ್ವನ ತಾಟಿಗೆ ಹಾಕಿದೆ.

"ಇದೇನಿದು ಹೊಸ ಪದ್ಧತಿ?" ಅಂದರು ಯಜಮಾನರು.

ಆಗ ಹೇಳಿದೆ, ಎರಡು ದಿನದ್ದೆಲ್ಲ. ಹುಸೇನಬಿ ಅಂದದ್ದು, ರೈಲಿನ ವಿಚಾರ, ಕೂಸು ಆಡಿದ್ದು. ಬಸವರಾಜ ಕೈಯಲ್ಲಿದ್ದ ತುತ್ತು ತಾಟಿಗಿಟ್ಟು ತಲೆ ತಗ್ಗಿಸಿದ. ಯಜಮಾನರು ಬೆಣ್ಣಿ ಗಡಿಗಿ ತಮ್ಮ ಕೈಯಾರೆ ಎಳೆದುಕೊಂಡು, ತಮ್ಮ ಪಾಲಿನ ಬೆಣ್ಣಿಯನ್ನೂ ಸೊಸಿಯ ರೊಟ್ಟಿಗೆ ಹಚ್ಚಿದರು.

ನೀಲವ್ವ ಮಾವನ ಮುಂದೆ ಎಂದೂ ಮಾತಾಡಿದವಳಲ್ಲ. ತಾಟು ಬರಿದಾದ ಮೇಲೆ ನನ್ನ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಅತ್ತಿ, ಇನ್ನೊಂದು ರೊಟ್ಟಿ ಹಾಕ್ರಿ" ಅಂದಳು.